ಓಡುತ್ತಲೇ ಪಾಸ್ ಕೊಡುವುದನ್ನು ಕಲಿಸುವ ತರಗತಿ: ಮೂರು ತಿಂಗಳ ಅನುಭವ

ನನ್ನ ಮಗಳಿಗೆ 11 ವರ್ಷ. ಪೂರ್ವ ಬೆಂಗಳೂರಿನ ಒಂದು ಟರ್ಫ್ ಮೈದಾನದಲ್ಲಿ ಶನಿವಾರ ಮತ್ತು ಭಾನುವಾರ ಬೆಳಗ್ಗೆ 6.30ರಿಂದ 8 ಗಂಟೆಯವರೆಗೆ ನಡೆಯುವ ಫುಟ್‌ಬಾಲ್ ತರಬೇತಿಗೆ ಅವಳನ್ನು ಸೇರಿಸಿ ಮೊನ್ನೆಗೆ ಮೂರು ತಿಂಗಳು ತುಂಬಿತು. ಶುಲ್ಕ ತಿಂಗಳಿಗೆ 3,200 ರೂಪಾಯಿ. ಜೆರ್ಸಿ, ಸಾಕ್ಸ್ ಮತ್ತು ಶಿನ್‌ಗಾರ್ಡ್‌ಗಳಿಗೆ ಪ್ರತ್ಯೇಕವಾಗಿ 1,800 ರೂಪಾಯಿ. ನಿಗದಿಯಾಗಿದ್ದ 24 ತರಗತಿಗಳಲ್ಲಿ 21 ನಡೆದವು. ಅವುಗಳಲ್ಲಿ ಹೆಚ್ಚಿನವನ್ನು ನಾನು ಬಲೆಯ ಹೊರಗೆ ಕುಳಿತು ಮೊದಲಿನಿಂದ ಕೊನೆಯವರೆಗೆ ನೋಡಿದ್ದೇನೆ. ಆಡಳಿತದವರ ಜೊತೆ ನನ್ನ ಕೆಲವು ತಕರಾರುಗಳು ಇನ್ನೂ ಇತ್ಯರ್ಥವಾಗಿಲ್ಲವಾದ್ದರಿಂದ ಕೇಂದ್ರದ ಹೆಸರನ್ನು ಬರೆಯುತ್ತಿಲ್ಲ. ಆದರೆ ಅಲ್ಲಿ ಕಲಿಸುವ ಒಂದು ವಿದ್ಯೆ, ಅಂದರೆ ಓಟ ನಿಲ್ಲಿಸದೆ ಪಾಸ್ ಕೊಡುವುದು ಮತ್ತು ಕೊಟ್ಟ ಮೇಲೂ ಓಡುತ್ತಿರುವುದು, ಮಕ್ಕಳ ತರಬೇತಿಯಲ್ಲಿ ಬಹಳ ಕಡೆ ಬಿಟ್ಟುಹೋಗುವ ಪಾಠವಾಗಿರುವುದರಿಂದ, ಇಂಥ ತರಗತಿಯನ್ನು ಹುಡುಕುತ್ತಿರುವ ತಂದೆತಾಯಿಯರಿಗೆ ಉಪಯೋಗವಾದೀತೆಂದು ನೋಡಿದ್ದನ್ನು ನೋಡಿದ ಹಾಗೆ ದಾಖಲಿಸುತ್ತಿದ್ದೇನೆ.

ಇದಕ್ಕೂ ಮೊದಲು ಅವಳು ಎರಡು ವರ್ಷ ಬೇರೊಂದು ಕಡೆ ಕಲಿತಿದ್ದಳು. ಅಲ್ಲಿ ಮಕ್ಕಳನ್ನು ಎರಡು ಸಾಲಾಗಿ ಎದುರುಬದುರು ನಿಲ್ಲಿಸಿ, ಹತ್ತು ಹೆಜ್ಜೆ ಅಂತರದಲ್ಲಿ ಚೆಂಡನ್ನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಕಳಿಸುವುದನ್ನು ಅಭ್ಯಾಸ ಮಾಡಿಸುತ್ತಿದ್ದರು. ನನ್ನ ಮಗಳ ಪಾಸ್ ಆಗ ನೋಡಲು ಚೆನ್ನಾಗಿಯೇ ಇತ್ತು. ಊರಿದ ಕಾಲು ಚೆಂಡಿನ ಪಕ್ಕ, ಪಾದದ ಒಳಬದಿ ಚೆಂಡಿನ ನಡುವಿಗೆ, ಕಣಕಾಲು ಬಿಗಿ, ಎಲ್ಲವೂ ಸರಿಯಾಗಿತ್ತು. ಶಾಲೆಗಳ ನಡುವಿನ ಪಂದ್ಯದಲ್ಲಿ ಮಾತ್ರ ಆ ಪಾಸ್ ಎಲ್ಲಿಯೂ ಕಾಣಲಿಲ್ಲ. ಚೆಂಡು ಸಿಕ್ಕ ಕೂಡಲೇ ಅವಳು ಓಟ ನಿಲ್ಲಿಸಿ, ಅಂಗಾಲಿನಿಂದ ಚೆಂಡನ್ನು ತಡೆದು, ತಲೆಯೆತ್ತಿ ಗೆಳತಿಯನ್ನು ಹುಡುಕಿ, ಆಮೇಲೆ ಒದೆಯುತ್ತಿದ್ದಳು. ಅಷ್ಟು ಹೊತ್ತಿಗೆ ಎದುರು ತಂಡದ ಇಬ್ಬರು ಮೇಲೆ ಬಿದ್ದಿರುತ್ತಿದ್ದರು. ಅವರನ್ನು ತಪ್ಪಿಸಿಕೊಂಡು ಹೋದ ಚೆಂಡು ಗೆಳತಿಯ ಹಿಂದೆ ಹೋಗಿ ಬೀಳುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಓಡುವವಳು ಒಂದು ಕಡೆ, ಚೆಂಡು ಇನ್ನೊಂದು ಕಡೆ. ಅವಳು ಅಳುತ್ತಾ ಕಾರು ಹತ್ತಿದ ದಿನವೇ ನಾನು ಬೇರೆ ತರಗತಿ ಹುಡುಕಲು ತೊಡಗಿದ್ದು.

ನಾನು ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವವಳು. ಆ ಪಾಸ್ ಯಾಕೆ ಹಿಂದೆ ಬೀಳುತ್ತಿತ್ತೆಂಬುದು ನನಗೆ ಅರ್ಥವಾಗಿತ್ತು, ಅದನ್ನು ಸರಿಪಡಿಸುವುದು ಹೇಗೆಂದು ಗೊತ್ತಿರಲಿಲ್ಲ. 8 ಮೀಟರ್ ದೂರದಲ್ಲಿ ಒಬ್ಬಳು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಓಡುತ್ತಿದ್ದಾಳೆ ಎಂದುಕೊಳ್ಳೋಣ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಹೊರಟ ಪಾಸ್ ಅವಳಿದ್ದ ಜಾಗವನ್ನು ತಲುಪಲು ಕನಿಷ್ಠ ಒಂದು ಸೆಕೆಂಡ್ ಬೇಕು. ಅಷ್ಟರಲ್ಲಿ ಅವಳು 4 ಮೀಟರ್ ಮುಂದೆ ಹೋಗಿರುತ್ತಾಳೆ. ಇನ್ನೊಂದು ಸಂಗತಿಯೂ ಇದೆ. ಓಡುವ ರೈಲಿನಲ್ಲಿ ನಡುದಾರಿಯಾಚೆಯ ಸೀಟಿನವರಿಗೆ ಕಿತ್ತಳೆ ಹಣ್ಣು ಎಸೆದರೆ ಅದು ಹಿಂದಿನ ಬೋಗಿಗೆ ಹೋಗಿ ಬೀಳುವುದಿಲ್ಲ, ಏಕೆಂದರೆ ರೈಲಿನ ವೇಗ ಹಣ್ಣಿಗೂ ಇರುತ್ತದೆ. ಹಾಗೆಯೇ ನಮ್ಮ ಕಾಲಿನ ಮುಂದೆ ಉರುಳುತ್ತಿರುವ ಚೆಂಡನ್ನು ನಿಲ್ಲಿಸದೆ ಪಕ್ಕಕ್ಕೆ ತಳ್ಳಿದರೆ ಅದು ಮುಂದಕ್ಕೆ ಹೋಗುವ ವೇಗವನ್ನು ಬಹುಮಟ್ಟಿಗೆ ಉಳಿಸಿಕೊಂಡೇ ಪಕ್ಕಕ್ಕೆ ಸಾಗುತ್ತದೆ. ಚೆಂಡನ್ನು ಮೊದಲು ನಿಲ್ಲಿಸಿದ ಮಗು ಆ ವೇಗವನ್ನು ತಾನೇ ಕೈಯಾರೆ ಕಳೆದುಕೊಂಡಿರುತ್ತದೆ. ಹೊಸ ಕೇಂದ್ರದಲ್ಲಿ ಹೆಸರು ಬರೆಸುವ ಮೊದಲು ನಾನು ತರಬೇತುದಾರರನ್ನು ಕೇಳಿದ ಪ್ರಶ್ನೆ ಇದೊಂದೇ: ನಿಂತ ಪಾಸ್ ಬರುತ್ತದೆ, ಓಡುತ್ತಾ ಬರುವುದಿಲ್ಲ, ಏನು ಮಾಡುತ್ತೀರಿ? ಅವರು ಹೇಳಿದರು: "ಮೇಡಂ, ನಿಂತುಕೊಂಡು ಪಾಸ್ ಮಾಡೋದನ್ನ ನಾನು ಹೇಳಿಕೊಡೋದೇ ಇಲ್ಲ. ಆಟದಲ್ಲಿ ಯಾರು ನಿಂತಿರ್ತಾರೆ?" ಉತ್ತರ ತುಸು ಹೆಚ್ಚಾಯಿತೆಂದು ಆಗ ಅನಿಸಿದರೂ ಅವರು ಅದನ್ನು ನಡೆಸಿಯೂ ತೋರಿಸಿದರು.

ಮೊದಲ ದಿನ ಅವರು ಚೆಂಡನ್ನು ಕೂಡಲೇ ಕಾಲಿಗೆ ಕೊಡಲಿಲ್ಲ. ಇಬ್ಬಿಬ್ಬರು ಮಕ್ಕಳು ಐದಾರು ಮೀಟರ್ ಅಂತರದಲ್ಲಿ ಜೊತೆಜೊತೆಯಾಗಿ ಓಡುತ್ತಾ ಕೈಯಿಂದ ಚೆಂಡನ್ನು ಎಸೆದು ಹಿಡಿಯಬೇಕಿತ್ತು. ಓಡುವವರ ಮುಂದಕ್ಕೆ ಎಸೆಯಬೇಕೆಂಬುದನ್ನು ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಲಗೋರಿ ಆಡಿದ ಕೈಗಳಿಗೆ ಅದು ಗೊತ್ತೇ ಇತ್ತು. ಎರಡು ಸುತ್ತು ಮುಗಿದ ಮೇಲೆ ಅವರು ಮಕ್ಕಳನ್ನು ನಿಲ್ಲಿಸಿ, ಚೆಂಡನ್ನು ಎಸೆದದ್ದು ಗೆಳೆಯನ ಎದೆಗೋ ಅವನ ಮುಂದಿನ ಖಾಲಿ ಜಾಗಕ್ಕೋ ಎಂದು ಕೇಳಿದರು. ಕೈ ಮಾಡಿದ ಆ ಕೆಲಸವನ್ನೇ ಕಾಲೂ ಮಾಡಬೇಕು ಎಂದು ಹೇಳಿ ಚೆಂಡನ್ನು ನೆಲಕ್ಕೆ ಇಳಿಸಿದರು. ಒಂದು ಕಷ್ಟದ ವಿಚಾರವನ್ನು ಮಗುವಿಗೆ ಆಗಲೇ ತಿಳಿದಿರುವ ಜಾಗದಿಂದ ಆರಂಭಿಸಿದ ಈ ಕ್ರಮವನ್ನು ಮೇಷ್ಟ್ರ ಕೆಲಸ ಮಾಡುವ ನಾನು ಬಹಳ ಮೆಚ್ಚಿದೆ.

ನೆಲಕ್ಕೆ ಇಳಿದ ಮೇಲೆ ನಿಜವಾದ ತೊಂದರೆ ಕಾಣಿಸಿತು. ನಿಂತ ಚೆಂಡಿಗೆ ಕಲಿತ ಕಾಲು ಊರುವ ಅಭ್ಯಾಸ ಉರುಳುವ ಚೆಂಡಿಗೆ ಕೆಲಸಕ್ಕೆ ಬರುವುದಿಲ್ಲ. ಎಡಗಾಲನ್ನು ಚೆಂಡಿನ ಸರಿ ಪಕ್ಕಕ್ಕೆ ಊರಿದರೆ ಬಲಗಾಲು ಬೀಸಿ ಬರುವಷ್ಟರಲ್ಲಿ ಚೆಂಡು ಒಂದು ಗೇಣು ಮುಂದೆ ಹೋಗಿರುತ್ತದೆ. ಮಗು ಅದನ್ನು ಎಟುಕಿಸಿಕೊಳ್ಳಲು ಹೋಗಿ ಬೆರಳ ತುದಿಯಿಂದ ಒದೆಯುತ್ತದೆ, ಚೆಂಡು ಪುಟಿದು ಮೇಲೇಳುತ್ತದೆ. ನನ್ನ ಮಗಳಿಗೆ ಆಗುತ್ತಿದ್ದುದು ಇದೇ. ತರಬೇತುದಾರರು ಅವಳ ಪಕ್ಕದಲ್ಲಿ ಮೊಣಕಾಲೂರಿ ಕುಳಿತು, ಚಪ್ಪಟೆಯಾದ ಒಂದು ಹಳದಿ ಪ್ಲಾಸ್ಟಿಕ್ ತಟ್ಟೆಯನ್ನು ನೆಲದ ಮೇಲಿಟ್ಟು, ಚೆಂಡನ್ನು ಕೈಯಿಂದ ನಿಧಾನವಾಗಿ ಅದರ ಪಕ್ಕಕ್ಕೆ ಉರುಳಿಸಿದರು. ಚೆಂಡು ತಟ್ಟೆಗಿಂತ ಒಂದು ಗೇಣು ಹಿಂದೆ ಇರುವಾಗಲೇ ಅವಳು ತಟ್ಟೆಯ ಪಕ್ಕ ಎಡಗಾಲಿಡಬೇಕು. "ಚೆಂಡು ಇರೋ ಕಡೆ ಅಲ್ಲ ಕಂದಾ, ಅದು ಬರೋ ಕಡೆ ಕಾಲಿಡು," ಎನ್ನುತ್ತಿದ್ದರು. ಹತ್ತು ಸಲ ನಡಿಗೆಯಲ್ಲಿ, ಹತ್ತು ಸಲ ಮೆಲ್ಲೋಟದಲ್ಲಿ, ಆಮೇಲೆ ತಟ್ಟೆ ತೆಗೆದು ಪೂರಾ ಓಟದಲ್ಲಿ. ಸುಮಾರು ಹದಿನೈದನೆಯ ಸಲಕ್ಕೆ ಚೆಂಡು ನೆಲಬಿಟ್ಟು ಏಳದೆ ಹುಲ್ಲಿನ ಮೇಲೆ ಸರ್ರನೆ ಜಾರಿಕೊಂಡು ಹೋಯಿತು. ಅವಳು ತಿರುಗಿ ನನ್ನ ಕಡೆ ನೋಡಿದಳು, ನಾನು ಕೈ ಎತ್ತಿದೆ.

ಇದರ ಜೊತೆಗೆ ಅವರು ಒತ್ತಿ ಹೇಳುತ್ತಿದ್ದ ಇನ್ನೊಂದು ವಿಷಯ ಪಾಸ್‌ಗಿಂತ ಹಿಂದಿನ ಟಚ್, ಅಂದರೆ ಅದಕ್ಕೂ ಮೊದಲು ಚೆಂಡಿಗೆ ಕಾಲು ತಾಗಿಸುವುದು. ಚೆಂಡು ಕಾಲಿಗೆ ಅಂಟಿಕೊಂಡಂತಿದ್ದರೆ ಕಾಲು ಬೀಸಲು ಜಾಗವೇ ಇರುವುದಿಲ್ಲ. ಆದ್ದರಿಂದ ಪಾಸ್ ಕೊಡುವ ಮೊದಲಿನ ಟಚ್ ಚೆಂಡನ್ನು ಒಂದು ಹೆಜ್ಜೆಯಷ್ಟು ಮುಂದಕ್ಕೂ ತುಸು ಪಕ್ಕಕ್ಕೂ ಸರಿಸಬೇಕು; ಆಗ ಮುಂದಿನ ಹೆಜ್ಜೆಯೇ ಪಾಸ್ ಆಗುತ್ತದೆ, ಓಟದ ಲಯ ಕೆಡುವುದಿಲ್ಲ. ಬಲಗಾಲಿನ ಮಗು ಬಲಕ್ಕೆ ಪಾಸ್ ಕೊಡಬೇಕಾದಾಗ ಇಡೀ ಮೈಯನ್ನು ತಿರುಗಿಸುವ ಬದಲು ಪಾದದ ಹೊರಬದಿಯಿಂದ ಚೆಂಡನ್ನು ತಳ್ಳುವುದನ್ನೂ ಅವರು ಎರಡನೆಯ ವಾರದಲ್ಲೇ ಆರಂಭಿಸಿದರು. ಈ ವಯಸ್ಸಿಗೆ ಇದು ಬೇಗವಾಯಿತೇನೋ ಎಂದು ನನಗೆ ಅನಿಸಿತ್ತು. ಮಕ್ಕಳಿಗೆ ಹಾಗೇನೂ ಅನಿಸಿದಂತೆ ಕಾಣಲಿಲ್ಲ.

ನಾಲ್ಕನೆಯ ವಾರದಿಂದ ಅಭ್ಯಾಸಗಳು ಆಟದ ರೂಪ ಪಡೆದವು. ಮೈದಾನದ ತುಂಬ ಎರಡೆರಡು ಕೋನ್‌ಗಳ ಸಣ್ಣ ಸಣ್ಣ ಬಾಗಿಲುಗಳನ್ನು ಚೆದುರಿದಂತೆ ಇಟ್ಟು, ಜೋಡಿಗಳು ಓಡುತ್ತಲೇ ಅವುಗಳ ನಡುವಿನಿಂದ ಪಾಸ್ ಕಳಿಸಬೇಕು, ಒಂದೇ ಬಾಗಿಲನ್ನು ಒಂದರ ಹಿಂದೆ ಒಂದರಂತೆ ಎರಡು ಸಲ ಬಳಸುವಂತಿಲ್ಲ. ಸ್ಪೇನ್‌ನ ಬಾರ್ಸಿಲೋನಾ ಕ್ಲಬ್‌ನಿಂದಾಗಿ ಜಗತ್ತಿಗೆಲ್ಲ ಪರಿಚಿತವಾದ ರೊಂಡೊ ಕೂಡ ಇತ್ತು. 10 ಮೀಟರ್ ಚೌಕದಲ್ಲಿ ನಾಲ್ವರು ಪಾಸ್ ಮಾಡುತ್ತಿರುತ್ತಾರೆ, ನಡುವಿನ ಒಬ್ಬ ಕಸಿಯಲು ಯತ್ನಿಸುತ್ತಾನೆ. ಆದರೆ ಮೂಲೆಯಲ್ಲಿ ನಿಂತು ಆಡುವ ರೊಂಡೊಗೆ ಇವರು ಒಂದು ನಿಯಮ ಸೇರಿಸಿದ್ದರು: ಪಾಸ್ ಕೊಟ್ಟವರು ತಮ್ಮ ಜಾಗ ಬಿಟ್ಟು ಬೇರೆ ಬದಿಗೆ ಓಡಲೇಬೇಕು. ಕೊಟ್ಟು ನಿಂತವರು ಕಸಿಯುವವರಾಗಿ ನಡುವಿಗೆ ಬರಬೇಕು. ಮೈದಾನದ ತುಂಬ "ಕೊಡು, ಓಡು! ಕೊಡು, ಓಡು!" ಎಂಬ ಅವರ ಕೂಗು ಕೇಳುತ್ತಿತ್ತು. ಚೆಂಡು ಬರುವ ಮೊದಲು ಹೆಗಲ ಮೇಲಿಂದ ಹಿಂದೆ ನೋಡುವ ಅಭ್ಯಾಸಕ್ಕಾಗಿ ಅವರು ಮಕ್ಕಳ ಬೆನ್ನ ಹಿಂದೆ ನಿಂತು ಕೈಬೆರಳುಗಳನ್ನು ಎತ್ತುತ್ತಿದ್ದರು. ಚೆಂಡು ಕಾಲಿಗೆ ತಾಗುವ ಮುಂಚೆ ಮಗು ಎಷ್ಟು ಬೆರಳು ಎಂದು ಕೂಗಿ ಹೇಳಬೇಕಿತ್ತು. ಮೊದಲ ದಿನ ಎಲ್ಲರೂ ಊಹೆಯ ಮೇಲೆ "ಎರಡು, ಎರಡು" ಎಂದು ಕೂಗುತ್ತಿದ್ದರು. ಮೂರನೆಯ ತರಗತಿಯ ಹೊತ್ತಿಗೆ ತಲೆಗಳು ನಿಜವಾಗಿಯೂ ತಿರುಗತೊಡಗಿದ್ದವು.

ತರಬೇತುದಾರರಿಗೆ ಐವತ್ತು ದಾಟಿದೆ. ಹಲಸೂರಿನ ಪಕ್ಕದ ಗೌತಮಪುರದಲ್ಲಿ, ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿರುವ ಆ ಓಣಿಗಳಲ್ಲಿ ಬೆಳೆದವರು. ಬೆಂಗಳೂರಿನ ಫುಟ್‌ಬಾಲ್ ಎಂದರೆ 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಯಿಂದಲೇ ಶುರುವಾಯಿತು ಎಂದು ತಿಳಿದಿರುವ ಮಕ್ಕಳಿಗೆ, ನೀರು ಕುಡಿಯುವ ವಿರಾಮದಲ್ಲಿ ಅವರು ಹಳೆಯ ಸಂಗತಿಗಳನ್ನು ಹೇಳುತ್ತಾರೆ. 1937ರಲ್ಲಿ ಮುಂಬೈಯ ರೋವರ್ಸ್ ಕಪ್ ಪಂದ್ಯಾವಳಿಯನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತಕ್ಕೆ ಚಿನ್ನ ಗೆಲ್ಲಿಸಿಕೊಟ್ಟ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರ ಮಾತು ಬಂದಾಗಲಂತೂ ಅವರ ದನಿಯೇ ಬದಲಾಗುತ್ತದೆ. ಚೆಂಡನ್ನು ತಮ್ಮ ಕಾಲಲ್ಲೇ ಇಟ್ಟುಕೊಂಡು ಮೆರೆಯುವ ಆಟಗಾರರಿಗೆ ಚುಟುಕು ಪಾಸ್‌ಗಳ ಶಿಸ್ತನ್ನು ಕಲಿಸಿದ ರಹೀಮ್ ಸಾಹೇಬರೇ ತಮ್ಮ ಗುರುಗಳ ಗುರು ಎಂಬುದು ಅವರ ಭಾವನೆ. ಇದನ್ನು ಶುಲ್ಕದ ರಶೀದಿಯಲ್ಲಿ ಯಾರೂ ನಮೂದಿಸುವುದಿಲ್ಲ, ಆದರೆ ಈ ಮಾತುಗಳಿಗಾಗಿಯೇ ನಾನು ಕೆಲವು ಭಾನುವಾರ ಬೇಗ ಎದ್ದಿದ್ದೇನೆ.

ಎರಡನೆಯ ತಿಂಗಳ ಒಂದು ಬೆಳಗ್ಗೆಯನ್ನು ಇಲ್ಲಿ ವಿವರವಾಗಿ ಹೇಳಬೇಕು. ಗುಂಪಿನಲ್ಲಿ ಹುಡುಗಿಯರು ಮೂವರೇ. ನಾಲ್ಕು-ನಾಲ್ಕು ಮಂದಿಯ ಪಂದ್ಯದಲ್ಲಿ ನನ್ನ ಮಗಳು ಪದೇಪದೇ ಖಾಲಿ ಜಾಗಕ್ಕೆ ಓಡುತ್ತಿದ್ದಳು, ಕಲಿಸಿದಂತೆಯೇ ಕೈ ತೋರಿಸಿ ಚೆಂಡು ಕೇಳುತ್ತಿದ್ದಳು, ಹುಡುಗರು ಅವಳನ್ನು ನೋಡಿಯೂ ತಮ್ಮ ತಮ್ಮಲ್ಲೇ ಆಡಿಕೊಳ್ಳುತ್ತಿದ್ದರು. ಹತ್ತು ನಿಮಿಷದಲ್ಲಿ ಅವಳಿಗೆ ಬಂದದ್ದು ಎರಡು ಪಾಸ್. ಆರನೆಯದೋ ಏಳನೆಯದೋ ಓಟ ವ್ಯರ್ಥವಾದ ಮೇಲೆ ಅವಳ ಕಾಲುಗಳು ನಿಧಾನವಾದವು. ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟಳು. ನನಗೆ ಎದ್ದು ಒಳಗೆ ಹೋಗುವಷ್ಟು ಸಂಕಟವಾಯಿತು. ತರಬೇತುದಾರರು ಯಾರನ್ನೂ ಗದರಲಿಲ್ಲ. ಸೀಟಿ ಊದಿ, ಇನ್ನು ಮುಂದೆ ನಾಲ್ವರ ಕಾಲಿಗೂ ಚೆಂಡು ತಾಗಿದ ಮೇಲೆ ಹೊಡೆದ ಗೋಲು ಮಾತ್ರ ಗೋಲು ಎಂದರು. ಐದೇ ನಿಮಿಷದಲ್ಲಿ ಹುಡುಗರು ಅವಳ ಹೆಸರು ಹಿಡಿದು ಕೂಗತೊಡಗಿದರು. ಕೊನೆಯ ಗೋಲಿಗೆ ಅವಳು ಬಲಬದಿಯಲ್ಲಿ ಓಡುತ್ತಾ ಚೆಂಡನ್ನು ಪಡೆದು, ನಿಲ್ಲಿಸದೆ, ಎರಡನೆಯ ಹೆಜ್ಜೆಗೇ ಗೋಲಿನ ಮುಂದಿನ ಜಾಗಕ್ಕೆ ತಳ್ಳಿದಳು. ಅಲ್ಲಿ ಇನ್ನೂ ಯಾರೂ ಇರಲಿಲ್ಲ, ಚೆಂಡು ಹೋಗುವಷ್ಟರಲ್ಲಿ ಒಬ್ಬ ಹುಡುಗ ಬಂದಿದ್ದ. ಮಾರನೆಯ ವಾರ ನಿಯಮ ತೆಗೆದರೂ ಅವಳಿಗೆ ಪಾಸ್ ಬರುವುದು ನಿಲ್ಲಲಿಲ್ಲ. ಓಡಿದವರಿಗೆ ಚೆಂಡು ಸಿಗದಿದ್ದರೆ ಯಾರೂ ಓಡುವುದಿಲ್ಲ. ಬರೀ ಕಾಲಿನ ಕೌಶಲ ಕಲಿಸುವವರು ಇದನ್ನು ಗಮನಿಸುವುದೇ ಇಲ್ಲ, ಇವರು ಗಮನಿಸಿದರು.

ಈಗ ಕೊರತೆಗಳು. ಮೊದಲ ತಿಂಗಳು 10 ಮಕ್ಕಳಿದ್ದ ಗುಂಪು ಎರಡನೆಯ ತಿಂಗಳಿಗೆ 18 ಆಯಿತು, ತರಬೇತುದಾರರು ಮಾತ್ರ ಒಬ್ಬರೇ. ಇದರ ಪರಿಣಾಮವನ್ನು ನಾನು ಲೆಕ್ಕ ಹಾಕಿ ನೋಡಿದ್ದೇನೆ. 10 ಮಕ್ಕಳಿದ್ದಾಗ ತ್ರಿಕೋನದ ಅಭ್ಯಾಸದಲ್ಲಿ ಅರ್ಧ ಗಂಟೆಗೆ ನನ್ನ ಮಗಳು ಕೊಟ್ಟ ಪಾಸ್‌ಗಳು 64; 18 ಮಕ್ಕಳಾಗಿ ಸರದಿಯಲ್ಲಿ ನಿಲ್ಲಬೇಕಾಗಿ ಬಂದ ದಿನ ಅಷ್ಟೇ ಹೊತ್ತಿನಲ್ಲಿ 19. ಚಲಿಸುತ್ತಾ ಆಡುವುದನ್ನು ಕಲಿಸುವ ತರಗತಿಯಲ್ಲಿ ಮಕ್ಕಳು ಸಾಲಿನಲ್ಲಿ ನಿಂತು ಕಾಯುವುದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ. ಸಹಾಯಕರೊಬ್ಬರನ್ನು ನೇಮಿಸಿ ಎಂದು ಬರೆದುಕೊಟ್ಟ ಪತ್ರಕ್ಕೆ ಆಡಳಿತದಿಂದ ಉತ್ತರ ಬಂದಿಲ್ಲ.

ಎರಡನೆಯದು ಚೆಂಡು. 8ರಿಂದ 12 ವರ್ಷದವರಿಗೆ ಸೈಜ್ 4 ಚೆಂಡು ಸರಿಯಾದದ್ದು. ಅದರ ತೂಕ ಸುಮಾರು 350ರಿಂದ 390 ಗ್ರಾಂ. ಇಲ್ಲಿ ಚೀಲದಲ್ಲಿದ್ದ ಚೆಂಡುಗಳಲ್ಲಿ ಅರ್ಧಕ್ಕರ್ಧ ದೊಡ್ಡವರ ಸೈಜ್ 5, ಅಂದರೆ 410ರಿಂದ 450 ಗ್ರಾಂ. ವ್ಯತ್ಯಾಸ ಕೇಳಲು ಅಲ್ಪವೆನಿಸಿದರೂ, ಓಟದ ನಡುವೆ ಪಾದದ ಹೊರಬದಿಯಿಂದ ತಳ್ಳಬೇಕಾದ ಒಂಬತ್ತು ವರ್ಷದ ಕಣಕಾಲಿಗೆ ಅದು ಅಲ್ಪವಲ್ಲ. ಗಾಳಿಯನ್ನೂ ಕಲ್ಲಿನಂತೆ ತುಂಬಿಸುತ್ತಿದ್ದರಿಂದ ಟರ್ಫ್ ಮೇಲೆ ಚೆಂಡು ಪುಟಿಯುತ್ತಲೇ ಇತ್ತು. ನಾನು ನಮ್ಮದೇ ಸೈಜ್ 4 ಚೆಂಡನ್ನು ಕೊಂಡೊಯ್ಯತೊಡಗಿದ ಮೇಲೆ ಅವಳ ಪಾಸ್‌ನಲ್ಲಿ ಒಂದೇ ವಾರಕ್ಕೆ ಸುಧಾರಣೆ ಕಂಡಿತು.

ಮಳೆಯಿಂದ ರದ್ದಾದ ಮೂರು ತರಗತಿಗಳನ್ನು ಬದಲಿ ದಿನ ನಡೆಸಲಿಲ್ಲ, ಹಣವನ್ನೂ ಹಿಂದಿರುಗಿಸಲಿಲ್ಲ. ಗೋಲಿನ ಮುಂದೆ ಟರ್ಫ್ ಸವೆದು ಕಪ್ಪು ರಬ್ಬರ್ ಕಾಳುಗಳು ಎದ್ದಿವೆ. ಅಲ್ಲಿ ಊರಿದ ಕಾಲು ಜಾರುತ್ತದೆ, ಇಬ್ಬರು ಮಕ್ಕಳು ಬಿದ್ದದ್ದನ್ನು ನಾನೇ ಕಂಡಿದ್ದೇನೆ. ಶೌಚಾಲಯ ಸ್ವಚ್ಛವಾಗಿದೆ, ಕುಡಿಯುವ ನೀರಿದೆ, ಪಾರ್ಕಿಂಗ್ ಕಷ್ಟ.

ತಂದೆತಾಯಿಯರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಪಂದ್ಯ ಶುರುವಾದ ಕೂಡಲೇ ಬಲೆಯ ಹೊರಗಿನಿಂದ "ಹೊಡಿ, ಹೊಡಿ! ನೀನೇ ತಗೊಂಡು ಹೋಗು!" ಎಂಬ ಕೂಗು ಎದ್ದೇಳುತ್ತದೆ. ಒಳಗೆ "ಕೊಡು, ಓಡು" ಎಂದು ಕಲಿಸುತ್ತಿರುವಾಗ ಹೊರಗಿನಿಂದ ಅಪ್ಪನ ದನಿ ತದ್ವಿರುದ್ಧ ಹೇಳಿದರೆ ಮಗು ಯಾರ ಮಾತು ಕೇಳಬೇಕು? ತರಬೇತುದಾರರು ಇದನ್ನು ಸಂಕೋಚದಿಂದ ಸಹಿಸಿಕೊಳ್ಳುತ್ತಾರೆ. ಸೇರಿಸಿಕೊಳ್ಳುವ ದಿನವೇ ಕೇಂದ್ರದವರು ಪೋಷಕರಿಗೆ ಸ್ಪಷ್ಟವಾಗಿ ಹೇಳಿದ್ದರೆ ಈ ಪಾಡು ಇರುತ್ತಿರಲಿಲ್ಲ.

ಅವರು ಕೊಟ್ಟ ಮನೆಗೆಲಸಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಒಂದು ಪಂದ್ಯ ನೋಡುವ ಕೆಲಸ. ಕಂಠೀರವ ಕ್ರೀಡಾಂಗಣಕ್ಕೆ ಹೋಗಿ, ಹತ್ತು ನಿಮಿಷ ಚೆಂಡನ್ನು ನೋಡದೆ ಒಬ್ಬನೇ ಆಟಗಾರನನ್ನು ನೋಡಬೇಕು, ಅವನು ಪಾಸ್ ಕೊಟ್ಟ ಮೇಲೆ ಮುಂದಿನ ಮೂರು ಹೆಜ್ಜೆ ಎತ್ತ ಇಟ್ಟ ಎಂಬುದನ್ನು ಬರೆದುಕೊಂಡು ಬರಬೇಕು. ಕಂಠೀರವದಲ್ಲಿ ಮೈದಾನಕ್ಕೂ ಆಸನಗಳಿಗೂ ನಡುವೆ ಓಟದ ಟ್ರ್ಯಾಕ್ ಇರುವುದರಿಂದ ಆಟ ದೂರವೆನಿಸುತ್ತದೆಂದು ಜನ ಬೇಸರಪಡುವುದುಂಟು. ಈ ಕೆಲಸಕ್ಕೆ ಆ ದೂರವೇ ಅನುಕೂಲವಾಯಿತು, ಮೇಲಿನ ಸಾಲಿನಿಂದ ಇಡೀ ಮೈದಾನ ಚದುರಂಗದ ಮಣೆಯಂತೆ ಕಾಣುತ್ತಿತ್ತು. ಮಗಳು ತನ್ನ ನೋಟ್‌ಬುಕ್‌ನಲ್ಲಿ ಬಾಣದ ಗುರುತು ಹಾಕುತ್ತಾ ಹೋದಳು. ಅರ್ಧ ಪುಟ ತುಂಬಿದ ಮೇಲೆ, "ಅಮ್ಮ, ಇವರು ಪಾಸ್ ಕೊಟ್ಟು ಒಂದು ಸಲಾನೂ ನಿಂತಿಲ್ಲ," ಎಂದಳು.

ಇಷ್ಟೆಲ್ಲ ತೂಗಿ ನೋಡಿದರೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಲಿಸುವಿಕೆಗೆ ಐದೂ ಸಲ್ಲುತ್ತದೆ, ಕಳೆದ ಒಂದು ಅಂಕ ಪೂರ್ತಿಯಾಗಿ ಆಡಳಿತದ ಲೆಕ್ಕಕ್ಕೆ. ಸೇರಿಸಬೇಕೆಂದಿರುವವರು ಮೊದಲು ಒಂದು ತರಗತಿಯನ್ನು ಪೂರ್ತಿ ಕುಳಿತು ನೋಡಿ, ಮಕ್ಕಳು ಎಷ್ಟು ಹೊತ್ತು ನಿಂತಿರುತ್ತಾರೆ ಎಂಬುದನ್ನು ಗಡಿಯಾರ ಹಿಡಿದು ಅಳೆಯಿರಿ, ಚೀಲದಲ್ಲಿರುವ ಚೆಂಡಿನ ಮೇಲೆ ಯಾವ ಸಂಖ್ಯೆ ಇದೆ ನೋಡಿ, ಮಳೆಗೆ ತಪ್ಪಿದ ತರಗತಿಗೆ ಏನು ವ್ಯವಸ್ಥೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ನಾವು ಮುಂದಿನ ಮೂರು ತಿಂಗಳಿಗೆ ಹಣ ಕಟ್ಟಿದ್ದೇವೆ. ಗುಂಪಿನಲ್ಲಿ 12ಕ್ಕಿಂತ ಹೆಚ್ಚು ಮಕ್ಕಳನ್ನು ಸೇರಿಸಿದರೆ ಉಳಿದ ಹಣ ಹಿಂದಿರುಗಿಸಬೇಕೆಂಬ ಷರತ್ತನ್ನು ಈ ಸಲ ರಶೀದಿಯ ಹಿಂಬದಿಯಲ್ಲಿ ಬರೆಸಿ, ಕಚೇರಿಯವರ ಸಹಿ ಹಾಕಿಸಿಕೊಂಡಿದ್ದೇನೆ.